ಕೈಗೆ ಒಗ್ಗುವ ಯಂತ್ರ: ವೈದ್ಯಕೀಯ ಉಪಕರಣಗಳ ಬಳಕೆ ಪರೀಕ್ಷೆ

ಆಸ್ಪತ್ರೆಯ ಒಂದು ಉಪಕರಣ ಚೆನ್ನಾಗಿದೆ ಎನ್ನಬೇಕಾದರೆ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಒಂದು, ಅದು ಹೇಳಿದ ಕೆಲಸವನ್ನು ಹೇಳಿದಷ್ಟು ನಿಖರವಾಗಿ ಮಾಡುತ್ತದೆಯೇ? ಗಂಟೆಗೆ ಐದು ಮಿಲಿಲೀಟರ್ ಔಷಧ ಬಿಡು ಎಂದರೆ ಪಂಪು ಅಷ್ಟನ್ನೇ ಬಿಡುತ್ತದೆಯೇ? ಇದನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು ಅಳೆದು ಹೇಳಬಹುದು. ಎರಡನೆಯದು, ಬಳಸಬೇಕಾದವರಿಗೆ ಅದನ್ನು ತಪ್ಪಿಲ್ಲದೆ ಬಳಸಲು ಬರುತ್ತದೆಯೇ? ರಾತ್ರಿ ಪಾಳಿಯ ಕೊನೆಯ ಗಂಟೆಯಲ್ಲಿರುವ ನರ್ಸ್, ಕನ್ನಡಕ ಮರೆತ ಅಜ್ಜ, ನಿನ್ನೆಯಷ್ಟೇ ತರಬೇತಿ ಮುಗಿಸಿ ಬಂದ ಆಶಾ ಕಾರ್ಯಕರ್ತೆ ಇವರ ಕೈಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ? ಇದಕ್ಕೆ ಮೇಜು ಸಾಲದು. ಮನುಷ್ಯರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ನೋಡಬೇಕು. ಹಾಗೆ ಕ್ರಮವಾಗಿ ನೋಡುವ ವಿಧಾನಕ್ಕೆ ಬಳಕೆಯೋಗ್ಯತೆಯ ಪರೀಕ್ಷೆ ಎಂದು ಹೆಸರು. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 9241ರ 11ನೇ ಭಾಗ ಅದಕ್ಕೆ ಮೂರು ಅಳತೆಗೋಲು ಕೊಡುತ್ತದೆ: ಕೆಲಸ ಸರಿಯಾಗಿ ಮುಗಿಯಿತೇ, ಎಷ್ಟು ಶ್ರಮದಲ್ಲಿ ಮುಗಿಯಿತು, ಬಳಸಿದವರಿಗೆ ಸಮಾಧಾನವಾಯಿತೇ. ವೈದ್ಯಕೀಯದಲ್ಲಿ ಈ ಮೂರಕ್ಕೂ ಮೊದಲು ನಿಲ್ಲುವುದು ರೋಗಿಯ ಸುರಕ್ಷತೆ.

ಎರಡನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಎಡ್ಮಂಟನ್ ನಗರದಲ್ಲಿ 2006ರಲ್ಲಿ ನಡೆದ ಘಟನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯೊಬ್ಬರಿಗೆ ಫ್ಲೋರೋಯುರಾಸಿಲ್ ಎಂಬ ಔಷಧವನ್ನು ನಾಲ್ಕು ದಿನಗಳ ಕಾಲ ಸಣ್ಣದಾಗಿ ದೇಹಕ್ಕೆ ಬಿಡಬೇಕಿತ್ತು. ಅದಕ್ಕಾಗಿ ಮನೆಗೇ ಒಯ್ಯಬಹುದಾದ ಪುಟ್ಟ ಪಂಪು. ಒಟ್ಟು ಔಷಧ 5,250 ಮಿಲಿಗ್ರಾಂ. ದ್ರವದ ಲೆಕ್ಕದಲ್ಲಿ ಸುಮಾರು 115 ಮಿಲಿಲೀಟರ್. ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ 28.8, ಅದನ್ನು 24 ಗಂಟೆಗೆ ಹಂಚಿದರೆ ಗಂಟೆಗೆ 1.2. ಪಂಪಿಗೆ ಬೇಕಾಗಿದ್ದದ್ದು ಗಂಟೆಯ ಲೆಕ್ಕ. ಆದರೆ ಔಷಧದ ಚೀಲದ ಮೇಲಿನ ಚೀಟಿಯಲ್ಲಿ ದಿನದ ಲೆಕ್ಕವೂ ಗಂಟೆಯ ಲೆಕ್ಕವೂ ಜೊತೆಜೊತೆಗೇ ಅಚ್ಚಾಗಿದ್ದವು. ನರ್ಸ್ ಲೆಕ್ಕ ಹಾಕಿದರು, ನಾಲ್ಕರಿಂದ ಭಾಗಿಸಿದರು, 28.8 ಬಂತು. ಚೀಟಿ ನೋಡಿದರೆ ಅಲ್ಲಿಯೂ 28.8 ಇತ್ತು. ಎರಡೂ ತಾಳೆಯಾದವು. ಇನ್ನೊಬ್ಬ ನರ್ಸ್ ಪರಿಶೀಲಿಸಿದರು. 24ರಿಂದ ಭಾಗಿಸುವುದು ಅವರಿಗೂ ತಪ್ಪಿಹೋಯಿತು. ಪಂಪು ಗಂಟೆಗೆ 28.8 ಎಂದು ಕೇಳಿಸಿಕೊಂಡು, ಅದನ್ನು ಚಾಚೂ ತಪ್ಪದೆ ಪಾಲಿಸಿತು. ನಾಲ್ಕು ದಿನದ ಔಷಧ ನಾಲ್ಕು ಗಂಟೆಯಲ್ಲಿ ದೇಹ ಸೇರಿತು. ಸುಮಾರು ಮೂರು ವಾರಗಳ ನಂತರ ಆಕೆ ತೀರಿಕೊಂಡರು.

ಸಾಮಾನ್ಯವಾಗಿ ಇಂಥ ಪ್ರಕರಣ ನರ್ಸ್‌ಗಳ ತಲೆಯ ಮೇಲೆ ತಪ್ಪು ಹೊರಿಸುವಲ್ಲಿಗೆ ಮುಗಿದುಬಿಡುತ್ತದೆ. ಇಲ್ಲಿ ಹಾಗಾಗಲಿಲ್ಲ. ಔಷಧ ಸುರಕ್ಷತೆಗಾಗಿ ದುಡಿಯುವ ಐಎಸ್‌ಎಂಪಿ ಕೆನಡಾ ಎಂಬ ಸ್ವತಂತ್ರ ಸಂಸ್ಥೆ ತನಿಖೆಗೆ ಇಳಿದು, ಅದೇ ಬಗೆಯ ಪಂಪನ್ನು ಐವರು ಬೇರೆ ನರ್ಸ್‌ಗಳ ಕೈಗೆ ಕೊಟ್ಟು ಅದೇ ಕೆಲಸವನ್ನು ಮಾಡಿಸಿ ನೋಡಿತು. ಐವರಲ್ಲಿ ಮೂವರು ತಪ್ಪು ಅಂಕಿ ತುಂಬಿದರು. ಒಂದಲ್ಲ ಒಂದು ಹಂತದಲ್ಲಿ ಗೊಂದಲಕ್ಕೆ ಬೀಳದವರು ಒಬ್ಬರೂ ಇರಲಿಲ್ಲ. ಅಂದರೆ ಆ ದಿನ ಆ ಜಾಗದಲ್ಲಿ ಯಾರಿದ್ದರೂ ಎಡವುವ ಸಂಭವ ಇದ್ದೇ ಇತ್ತು. ಐದು ಜನ, ಒಂದು ಪಂಪು, ಒಂದು ಕೋಣೆ: ಇಷ್ಟರಲ್ಲಿ ತಿಳಿದ ಸಂಗತಿ ಇದು. ಪಂಪು ಮಾರುಕಟ್ಟೆಗೆ ಬರುವ ಮೊದಲೇ ಇದನ್ನು ತಿಳಿಯಬಹುದಾಗಿತ್ತು ಎಂಬುದೇ ಈ ಕಥೆಯಲ್ಲಿ ಹೆಚ್ಚು ನೋಯಿಸುವ ಮಾತು.

ಪಂಪುಗಳ ವಿಷಯದಲ್ಲಿ ಎಡ್ಮಂಟನ್ ಒಂಟಿ ಉದಾಹರಣೆಯೂ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ 2005ರಿಂದ 2009ರವರೆಗೆ ಇನ್‌ಫ್ಯೂಷನ್ ಪಂಪುಗಳ ಬಗ್ಗೆ ಸುಮಾರು 56,000 ದೂರುವರದಿಗಳು ಬಂದವು; ಅದೇ ಅವಧಿಯಲ್ಲಿ 87 ಬಾರಿ ಪಂಪುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಒಮ್ಮೆ ಒತ್ತಿದ ಸೊನ್ನೆ ಎರಡು ಸಲ ಒತ್ತಿದಂತೆ ದಾಖಲಾಗಿ 10 ಇದ್ದದ್ದು 100 ಆಗುವಂಥ ದೋಷಗಳೂ ಅವುಗಳಲ್ಲಿ ಇದ್ದವು.

ತಪ್ಪಿನ ಬೇರನ್ನು ಮನುಷ್ಯನ ಅಜಾಗರೂಕತೆಗಿಂತ ಯಂತ್ರದ ರಚನೆಯಲ್ಲಿ ಹುಡುಕುವ ಈ ದೃಷ್ಟಿ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಯುದ್ಧವಿಮಾನದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೂ ಪೈಲಟ್‌ಗಳು ಚಕ್ರಗಳನ್ನು ಒಳಗೆ ಎಳೆದುಕೊಂಡುಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಕಾಕ್‌ಪಿಟ್ ನೋಡಿದಾಗ, ಚಕ್ರದ ಹಿಡಿಯೂ ರೆಕ್ಕೆಯ ಫ್ಲ್ಯಾಪಿನ ಹಿಡಿಯೂ ಅಕ್ಕಪಕ್ಕದಲ್ಲಿದ್ದವು, ನೋಡಲೂ ಮುಟ್ಟಲೂ ಒಂದೇ ಥರ ಇದ್ದವು. ಒಂದರ ತುದಿಗೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯಂತೆ ಚಪ್ಪಟೆ ಆಕಾರ ಕೊಟ್ಟರೆ ಕತ್ತಲಲ್ಲೂ ಕೈಗೇ ಗೊತ್ತಾಗುತ್ತದೆ ಎಂಬುದು ಅವರು ಕಂಡುಕೊಂಡ ಪರಿಹಾರ.

ಇದೇ ಜಾಣ್ಮೆ ಅರಿವಳಿಕೆ ಕೋಣೆಗೆ ಬೇಗ ಬಂತು. ಆಮ್ಲಜನಕದ ಸಿಲಿಂಡರನ್ನೂ ನೈಟ್ರಸ್ ಆಕ್ಸೈಡ್ ಸಿಲಿಂಡರನ್ನೂ ಅದಲುಬದಲು ಜೋಡಿಸಿದರೆ ರೋಗಿ ಮೇಜಿನ ಮೇಲೆಯೇ ಪ್ರಾಣ ಬಿಡಬಹುದು. ಬಣ್ಣ ಬಳಿಯುವುದು, ಹೆಸರು ಬರೆಯುವುದು ಮೊದಲಿನಿಂದಲೂ ಇತ್ತು. ಅವಸರದಲ್ಲಿ ಅವೆರಡೂ ಕಣ್ತಪ್ಪುತ್ತವೆ. 1952ರಲ್ಲಿ ಬಂದ ಪಿನ್ ಇಂಡೆಕ್ಸ್ ವ್ಯವಸ್ಥೆ ಎಚ್ಚರಿಕೆಯನ್ನು ಓದಬೇಕಾದ ಅಗತ್ಯವನ್ನೇ ತೆಗೆದುಹಾಕಿತು. ಅರಿವಳಿಕೆ ಯಂತ್ರದ ನೊಗದಲ್ಲಿ ಎರಡು ಪುಟ್ಟ ಮೊಳೆಗಳು, ಸಿಲಿಂಡರಿನ ಕತ್ತಿನಲ್ಲಿ ಅವುಗಳಿಗೆ ಹೊಂದುವ ಎರಡು ತೂತುಗಳು. ಆಮ್ಲಜನಕಕ್ಕೆ 2 ಮತ್ತು 5ನೇ ಸ್ಥಾನ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5. ತಪ್ಪು ಸಿಲಿಂಡರ್ ತಂದರೆ ಎಷ್ಟು ಒತ್ತಿದರೂ ಅದು ಕೂರುವುದೇ ಇಲ್ಲ. ತಪ್ಪು ಮಾಡಬೇಡಿ ಎಂದು ಗೋಡೆಗೆ ಫಲಕ ಹಾಕುವುದಕ್ಕೂ ತಪ್ಪು ಮಾಡಲು ಆಗದಂತೆ ಮಾಡುವುದಕ್ಕೂ ಇರುವ ಅಂತರ ಇಲ್ಲಿ ಬೆರಳತುದಿಗೆ ಸಿಗುತ್ತದೆ. ಈಚೆಗೆ ಐಎಸ್‌ಒ 80369 ಎಂಬ ಮಾನಕಗಳ ಸರಣಿಯೂ ಇದೇ ದಾರಿ ಹಿಡಿದಿದೆ: ಹೊಟ್ಟೆಗೆ ಆಹಾರ ಬಿಡುವ ನಳಿಕೆ, ಬೆನ್ನುಹುರಿಗೆ ಚುಚ್ಚುವ ಸಿರಿಂಜ್, ರಕ್ತನಾಳದ ಡ್ರಿಪ್ ಇವುಗಳ ತುದಿಗಳು ಒಂದಕ್ಕೊಂದು ಹೊಂದಿಕೊಳ್ಳಬಾರದು ಎಂಬುದು ಅದರ ಉದ್ದೇಶ.

ಈ ಕ್ಷೇತ್ರದವರು ಬಳಸುವ ಒಂದು ಪದಭೇದ ಮುಖ್ಯವಾದದ್ದು. ಹಿಂದೆ ಇದನ್ನು ಬಳಕೆದಾರನ ತಪ್ಪು ಎನ್ನುತ್ತಿದ್ದರು. ಈಗಿನ ಮಾನಕಗಳು ಬಳಕೆಯ ತಪ್ಪು ಎನ್ನುತ್ತವೆ. ಮೊದಲನೆಯದು ತಪ್ಪಿತಸ್ಥನ ಕಡೆ ಬೆರಳು ತೋರಿಸುತ್ತದೆ. ಎರಡನೆಯದು ಬಳಸುವ ಹೊತ್ತಿನಲ್ಲಿ ಏನೋ ಎಡವಿತು ಎಂದಷ್ಟೇ ಹೇಳಿ, ಕಾರಣ ಹುಡುಕಲು ಜಾಗ ಬಿಡುತ್ತದೆ.

ಪರೀಕ್ಷೆ ಮೊದಲಾಗುವುದು ನೋಡುವುದರಿಂದ. ಉಪಕರಣ ಇನ್ನೂ ಕಾಗದದ ಮೇಲಿರುವಾಗಲೇ ಅದನ್ನು ಬಳಸಲಿರುವವರು ದಿನವಿಡೀ ಏನು ಮಾಡುತ್ತಾರೆ ಎಂದು ವಾರ್ಡಿನಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮನೆಯಲ್ಲಿ ನಿಂತು ಗಮನಿಸಬೇಕು. ಕೈಗವಸು ಹಾಕಿದ ಬೆರಳಿಗೆ ಟಚ್ ಸ್ಕ್ರೀನ್ ಸ್ಪಂದಿಸುತ್ತದೆಯೇ, ಕರೆಂಟ್ ಹೋದಾಗ ಏನಾಗುತ್ತದೆ, ಎಷ್ಟು ಸಲ ಯಾರಾದರೂ ಬಂದು ಮಾತನಾಡಿಸಿ ಕೆಲಸ ತಪ್ಪಿಸುತ್ತಾರೆ ಎಂಬುದೆಲ್ಲ ಅಲ್ಲಿಯೇ ತಿಳಿಯುವುದು. ಕೇಳಿದರೆ ಇವು ಹೊರಬರುವುದಿಲ್ಲ, ಯಾಕೆಂದರೆ ನುರಿತವರಿಗೆ ತಮ್ಮ ಪರದಾಟವೇ ಅಭ್ಯಾಸವಾಗಿ ಹೋಗಿರುತ್ತದೆ. ಪಂಪಿನ ಮೇಲೆ ಅಂಟಿಸಿದ ಪ್ಲಾಸ್ಟರ್ ತುಂಡು, ಅದರ ಮೇಲೆ ಪೆನ್ನಿನಲ್ಲಿ ಬರೆದ ಸೂಚನೆ ಕಂಡರೆ ಅನುಭವಿ ಪರೀಕ್ಷಕರು ಅಲ್ಲಿಯೇ ನಿಲ್ಲುತ್ತಾರೆ. ಯಂತ್ರ ಹೇಳದೆ ಬಿಟ್ಟದ್ದನ್ನು ನರ್ಸ್ ಅಲ್ಲಿ ಬರೆದಿಟ್ಟಿರುತ್ತಾರೆ.

ಕಣ್ಣಾರೆ ನೋಡಿದ್ದರಿಂದ ವಿನ್ಯಾಸವೇ ಬದಲಾದ ಉದಾಹರಣೆಯೊಂದು ಬೆಂಗಳೂರಿನ ನಂಟಿನದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2007ರಲ್ಲಿ ತರಗತಿಯ ಕೆಲಸವಾಗಿ ಆರಂಭಿಸಿ, ಆಮೇಲೆ ಬೆಂಗಳೂರಿಗೆ ಬಂದು ನೆಲೆನಿಂತು ಬೆಳೆಸಿದ ಎಂಬ್ರೇಸ್ ಎಂಬ ಚೀಲ, ತೂಕ ಕಡಿಮೆಯಿರುವ ಹಸುಗೂಸುಗಳನ್ನು ಬೆಚ್ಚಗಿಡಲು ಇರುವಂಥದು. ಒಳಗಿನ ಮೇಣದಂಥ ವಸ್ತುವನ್ನು ಒಮ್ಮೆ ಕಾಯಿಸಿದರೆ ಗಂಟೆಗಟ್ಟಲೆ 37 ಡಿಗ್ರಿಯಲ್ಲೇ ನಿಲ್ಲುತ್ತದೆ. ಮೊದಲ ಮಾದರಿಯಲ್ಲಿ ಶಾಖವನ್ನು ಅಂಕಿಯಲ್ಲಿ ತೋರಿಸಲಾಗಿತ್ತು. ತಾಯಂದಿರ ಕೈಗೆ ಕೊಟ್ಟು ನೋಡಿದಾಗ ತಿಳಿದ ಸಂಗತಿಯೇ ಬೇರೆ: ಇಂಗ್ಲಿಷ್ ಔಷಧ ತೀಕ್ಷ್ಣ, ಕೂಸಿಗೆ ಅಷ್ಟು ತಾಳದು ಎಂಬ ಅಕ್ಕರೆಯಿಂದ, 37 ಎಂದು ಹೇಳಿದ್ದರೂ ಸ್ವಲ್ಪ ಕಡಿಮೆಯಲ್ಲೇ ಇಡಲು ಅವರು ಬಯಸುತ್ತಿದ್ದರು. ಅಂಕಿಯನ್ನು ತೆಗೆದುಹಾಕಿ, ಶಾಖ ಸರಿಯಾಗಿದೆಯೇ ಇಲ್ಲವೇ ಎಂದಷ್ಟೇ ತೋರಿಸುವ ಗುರುತು ಇಟ್ಟ ಮೇಲೆ ಆ ತೊಡಕು ಉಳಿಯಲಿಲ್ಲ. ಮಕ್ಕಳಿಗೆ ಸಿರಪ್ಪನ್ನು ಅರ್ಧ ಚಮಚ ಕಡಿಮೆಯೇ ಕುಡಿಸುವ ಮನೆಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಆದರೆ ನಕ್ಷೆ ಬರೆಯುವ ಎಂಜಿನಿಯರಿಗೆ ಅದು ಹೊಳೆಯಬೇಕೆಂದೇನೂ ಇಲ್ಲ.

ಎರಡನೆಯ ಹಂತದಲ್ಲಿ ಕೆಲಸವನ್ನು ಬಿಡಿಬಿಡಿಯಾಗಿ ಬಿಡಿಸಿಟ್ಟು, ಪ್ರತಿ ಹೆಜ್ಜೆಯಲ್ಲೂ ಏನು ತಪ್ಪಬಹುದು, ತಪ್ಪಿದರೆ ಎಷ್ಟು ಕೇಡು ಎಂದು ಲೆಕ್ಕ ಹಾಕುತ್ತಾರೆ. ಮನೆಮನೆಯಲ್ಲಿರುವ ಇನ್ಸುಲಿನ್ನನ್ನೇ ತೆಗೆದುಕೊಳ್ಳಬಹುದು. ಭಾರತದಲ್ಲಿ ಅದು ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಇಲ್ಲವೇ 100 ಯೂನಿಟ್. ಸೂಜಿಗಳೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಔಷಧದಂಗಡಿಯಲ್ಲಿ ಸುಮ್ಮನೆ ಇನ್ಸುಲಿನ್ ಸಿರಿಂಜ್ ಕೊಡಿ ಎಂದು ಕೇಳಿ ತಂದು, 100ರ ಬಾಟಲಿಯ ಔಷಧವನ್ನು 40ರ ಸೂಜಿಯಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಎರಡೂವರೆ ಪಟ್ಟು. ಶುಗರ್ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಅದಲುಬದಲಾದರೆ 10ರ ಬದಲು 4 ಯೂನಿಟ್ ಮಾತ್ರ ಹೋಗಿ ಶುಗರ್ ಏರುತ್ತಲೇ ಇರುತ್ತದೆ, ಔಷಧವೇ ಸರಿಯಿಲ್ಲವೇನೋ ಎಂದು ಮನೆಯವರಿಗೆ ಅನುಮಾನ ಹುಟ್ಟುತ್ತದೆ. ಇಲ್ಲಿ ಸೂಜಿಯೂ ಸರಿಯಿದೆ, ಔಷಧವೂ ಸರಿಯಿದೆ. ಇವೆರಡರ ಜೋಡಿ ತಪ್ಪಿದೆ. ಮುಚ್ಚಳಕ್ಕೆ ಆರಿಸಿದ ಬಣ್ಣಗಳಾದರೂ ಕೆಂಪು ಮತ್ತು ಕಿತ್ತಳೆ. ಸಕ್ಕರೆ ಕಾಯಿಲೆ ಕಣ್ಣಿನ ಅಕ್ಷಿಪಟಲವನ್ನು ತಿನ್ನುತ್ತ ಬಂದವರಿಗೆ ಬಣ್ಣಗಳ ಭೇದವೇ ಮಸುಕಾಗಿರಬಹುದು. ಯಾರಿಗಾಗಿ ಈ ವಸ್ತು ಎಂಬ ಪ್ರಶ್ನೆಯನ್ನು ಮೊದಲಿಟ್ಟುಕೊಂಡು ಆರಿಸಿದ ಬಣ್ಣಗಳಂತೆ ಇವು ಕಾಣುವುದಿಲ್ಲ.

ಮೂರನೆಯದು ತಜ್ಞರ ಪರಿಶೀಲನೆ. ಜೇಕಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ 1990ರಲ್ಲಿ ರೂಪಿಸಿದ ವಿಧಾನದಲ್ಲಿ ಮೂರರಿಂದ ಐದು ಪರಿಣತರು ಕೆಲವು ಸೂತ್ರಗಳನ್ನು ಕೈಯಲ್ಲಿ ಹಿಡಿದು, ಪರದೆ ಪರದೆಯಾಗಿ ಉಪಕರಣವನ್ನು ಜಾಲಾಡುತ್ತಾರೆ. ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂದು ಕಾಣುತ್ತದೆಯೇ, ಮಾಡಿದ್ದನ್ನು ಹಿಂತೆಗೆದುಕೊಳ್ಳಬಹುದೇ, ದೋಷಸೂಚನೆ ಮನುಷ್ಯರ ಮಾತಿನಲ್ಲಿದೆಯೇ ಎಂಬಂಥ ಸೂತ್ರಗಳು. ಕೊನೆಯದನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆ ಥೆರಾಕ್-25 ಎಂಬ ವಿಕಿರಣ ಯಂತ್ರದ ಚರಿತ್ರೆಯಲ್ಲಿದೆ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಅದು ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಹಾಯಿಸಿತು. ಮೂಲ ದೋಷ ಸಾಫ್ಟ್‌ವೇರಿನದು. ಆದರೆ ಟೆಕ್ಸಸ್‌ನಲ್ಲಿ ಆ ಕ್ಷಣಕ್ಕೆ ಪರದೆಯ ಮೇಲೆ ಮೂಡಿದ್ದು ಮಾಲ್‌ಫಂಕ್ಷನ್ 54 ಎಂಬ ಎರಡು ಪದ ಮಾತ್ರ. ಅದರ ಅರ್ಥ ನಿರ್ವಾಹಕರ ಕೈಪಿಡಿಯಲ್ಲಿರಲಿಲ್ಲ. ಯಂತ್ರ ದಿನವೂ ಇಂಥ ಸಂಖ್ಯೆಗಳನ್ನು ತೋರಿಸಿ ತೋರಿಸಿ, ಪಿ ಎಂಬ ಗುಂಡಿ ಒತ್ತಿ ಮುಂದುವರಿಯುವುದನ್ನು ನಿರ್ವಾಹಕರಿಗೆ ರೂಢಿ ಮಾಡಿಸಿಬಿಟ್ಟಿತ್ತು. ಆ ದಿನವೂ ಗುಂಡಿ ಒತ್ತಿದರು.

ಇಷ್ಟೆಲ್ಲ ಆದ ಮೇಲೆ ಬರುವುದು ಈ ವಿದ್ಯೆಯ ತಿರುಳು: ನಿಜವಾದ ಬಳಕೆದಾರರಿಂದ ಮಾಡಿಸಿ ನೋಡುವುದು. ವಾರ್ಡಿನಂತೆ ಸಜ್ಜುಗೊಳಿಸಿದ ಕೋಣೆ, ರೋಗಿಯ ಬದಲು ಗೊಂಬೆ, ಮೂಲೆಯಲ್ಲಿ ಕ್ಯಾಮೆರಾ. ನರ್ಸ್ ಕೈಗೆ ಒಂದು ಔಷಧ ಚೀಟಿ ಕೊಟ್ಟು, ದಿನನಿತ್ಯದಂತೆ ಮಾಡಿ ಎಂದಷ್ಟೇ ಹೇಳುತ್ತಾರೆ. ಮಧ್ಯೆ ಫೋನ್ ಬಾರಿಸುತ್ತಾರೆ, ಪಕ್ಕದ ಹಾಸಿಗೆಯಿಂದ ಯಾರೋ ಕೂಗುತ್ತಾರೆ. ವಿನ್ಯಾಸ ಇನ್ನೂ ಹಸಿಯಾಗಿರುವ ಆರಂಭದ ಸುತ್ತುಗಳಲ್ಲಿ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಿ ಎಂದು ಕೇಳಿಕೊಳ್ಳುವುದುಂಟು. ಈ ಗುಂಡಿ ಒತ್ತಿದೆ, ಏನೂ ಆಗಲಿಲ್ಲವಲ್ಲ, ಇನ್ನೊಮ್ಮೆ ಒತ್ತಲೇ ಎಂಬ ಒಂದು ಗೊಣಗು ನೂರು ಪುಟದ ವರದಿ ಹೇಳದ್ದನ್ನು ಹೇಳುತ್ತದೆ. ನೋಡುವವರಿಗೆ ಬೇಕಾದ ಕಠಿಣ ಶಿಸ್ತೆಂದರೆ ಬಾಯಿ ಮುಚ್ಚಿಕೊಂಡಿರುವುದು. ಬೆರಳು ತಪ್ಪು ಗುಂಡಿಯ ಮೇಲೆ ಸುಳಿದಾಡುತ್ತಿರುವಾಗ ಅಲ್ಲಲ್ಲ, ಪಕ್ಕದ್ದು ಎನ್ನುವ ಮಾತು ತುಟಿಗೆ ಬಂದೇ ಬರುತ್ತದೆ. ಅದನ್ನು ಆಡಿದರೆ ಪರೀಕ್ಷೆ ಕೆಟ್ಟಿತು. ವಾರ್ಡಿನಲ್ಲಿ ಹಾಗೆ ಹೇಳಿಕೊಡುವವರು ಇರುವುದಿಲ್ಲ.

ಎಷ್ಟು ಜನರನ್ನು ಕೂರಿಸಬೇಕು ಎಂಬುದು ಬಹುಕಾಲ ಚರ್ಚೆಯ ವಿಷಯವಾಗಿತ್ತು. ಐವರು ಸಾಕು, ಬಹುಪಾಲು ತೊಡಕುಗಳು ಅಷ್ಟರಲ್ಲೇ ಸಿಗುತ್ತವೆ ಎಂಬ ಮಾತು ನೀಲ್ಸನ್ ಅವರಿಂದ ಪ್ರಚಾರಕ್ಕೆ ಬಂತು. ಲಾರಾ ಫಾಕ್ನರ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಗೆ ಮಿತಿ ಹಾಕಿತು. 60 ಜನರ ಫಲಿತಾಂಶದಿಂದ ಮತ್ತೆ ಮತ್ತೆ ಐದೈದು ಜನರನ್ನು ಆರಿಸಿ ನೋಡಿದಾಗ, ಸರಾಸರಿಯಲ್ಲಿ ಶೇ. 85ರಷ್ಟು ತೊಡಕುಗಳು ಸಿಕ್ಕರೂ, ಕೆಲವು ಗುಂಪುಗಳಿಗೆ ಸಿಕ್ಕಿದ್ದು ಶೇ. 55 ಮಾತ್ರ. ಹದಿನೈದು ಜನರಿದ್ದಲ್ಲಿ ಯಾವ ಗುಂಪೂ ಶೇ. 90ಕ್ಕಿಂತ ಕೆಳಗಿಳಿಯಲಿಲ್ಲ. ಎಫ್‌ಡಿಎ ತನ್ನ 2016ರ ಮಾರ್ಗಸೂಚಿಯಲ್ಲಿ ಅಂತಿಮ ಪರೀಕ್ಷೆಗೆ ಪ್ರತಿ ಬಗೆಯ ಬಳಕೆದಾರರಿಂದ ಕನಿಷ್ಠ 15 ಜನ ಬೇಕು ಎಂದದ್ದು ಇದೇ ಜಾಡಿನಲ್ಲಿ. ವೈದ್ಯರು, ನರ್ಸ್‌ಗಳು, ಮನೆಯಲ್ಲಿ ಬಳಸುವ ರೋಗಿಗಳು ಮೂವರೂ ಬಳಸುವ ಉಪಕರಣವಾದರೆ ಮೂರು ಹದಿನೈದುಗಳು. ವಿನ್ಯಾಸ ತಿದ್ದುವ ಸುತ್ತುಗಳಿಗೆ ಐದಾರು ಜನ ಸಾಕು. ತಿದ್ದಿ, ಮತ್ತೆ ಐವರನ್ನು ಕರೆದು, ಮತ್ತೆ ತಿದ್ದುವುದು ಒಳ್ಳೆಯ ಕ್ರಮ.

ಅಂತಿಮ ಪರೀಕ್ಷೆಯಲ್ಲಿ ಎಣಿಸುವುದು ಉತ್ತೀರ್ಣರ ಶೇಕಡಾವಾರನ್ನಲ್ಲ. ಹದಿನೈದರಲ್ಲಿ ಹದಿನಾಲ್ಕು ಜನ ಸರಿಯಾಗಿ ಮಾಡಿ ಒಬ್ಬರು ಹತ್ತು ಪಟ್ಟು ಔಷಧ ಬಿಟ್ಟರೆ, ಆ ಒಬ್ಬರ ಬಳಿ ಕೂತು ಯಾಕೆ ಹಾಗಾಯಿತು ಎಂದು ಕೇಳಲೇಬೇಕು. ಕೊನೆಯ ಗಳಿಗೆಯಲ್ಲಿ ತಿದ್ದಿಕೊಂಡವರನ್ನೂ ಬರೆದಿಟ್ಟುಕೊಳ್ಳಬೇಕು, ಯಾಕೆಂದರೆ ವಾರ್ಡಿನ ಗದ್ದಲದಲ್ಲಿ ಆ ತಿದ್ದುವಿಕೆ ಆಗದೆಯೂ ಹೋಗಬಹುದು. ಇದರ ಜೊತೆಗೆ ಬಳಸಿದವರ ಅಭಿಪ್ರಾಯ ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಮಾಪಕ ಇಂದಿಗೂ ಬಳಕೆಯಲ್ಲಿದೆ. ನೂರಕ್ಕೆ ಅಂಕ ಬರುತ್ತದೆ, 68ರ ಆಸುಪಾಸನ್ನು ಸರಾಸರಿ ಎನ್ನುತ್ತಾರೆ. ಅಗ್ಗದ, ಸುಲಭದ ಸಾಧನ. ಆದರೆ ಜನ ಮೆಚ್ಚಿದ ಯಂತ್ರವೂ ಅಪಾಯಕಾರಿಯಾಗಿರಬಹುದು. ಆ ಅಂಕವೊಂದನ್ನೇ ತೋರಿಸಿ ಉಪಕರಣ ಸುರಕ್ಷಿತ ಎನ್ನುವುದು ಒಪ್ಪತಕ್ಕ ಮಾತಲ್ಲ.

ಒಂದೊಂದು ಯಂತ್ರವೂ ಬಿಡಿಯಾಗಿ ಗೆದ್ದು, ಒಟ್ಟಾಗಿ ಸೋಲುವುದೂ ಉಂಟು. ಐಸಿಯುವಿನ ಒಂದು ಹಾಸಿಗೆಯ ಸುತ್ತ ಮಾನಿಟರ್, ವೆಂಟಿಲೇಟರ್, ಮೂರು ನಾಲ್ಕು ಪಂಪುಗಳು, ಎಲ್ಲವೂ ಕೂಗುತ್ತವೆ. ಬಹುಪಾಲು ಕೂಗುಗಳಿಗೆ ಏನೂ ಮಾಡಬೇಕಾಗಿರುವುದಿಲ್ಲ. ಕಿವಿ ಅವುಗಳನ್ನು ಕೇಳುವುದನ್ನೇ ನಿಲ್ಲಿಸುತ್ತದೆ, ನಿಜವಾದ ಕೂಗೂ ಅದರಲ್ಲಿ ಮುಳುಗುತ್ತದೆ. ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಅಮೆರಿಕದ ಜಾಯಿಂಟ್ ಕಮಿಷನ್ 2013ರಲ್ಲಿ ಈ ಬಗ್ಗೆ ಎಚ್ಚರಿಸುವಾಗ, ಹಿಂದಿನ ಮೂರೂವರೆ ವರ್ಷಗಳಲ್ಲಿ ತನಗೆ ವರದಿಯಾದ 98 ಅಲಾರಂ ಸಂಬಂಧಿ ಘಟನೆಗಳಲ್ಲಿ 80 ಸಾವಿನಲ್ಲಿ ಕೊನೆಗೊಂಡಿದ್ದನ್ನು ತಿಳಿಸಿತ್ತು. ಅಲಾರಂ ಶಬ್ದಗಳ ಮಾನಕವಾದ ಐಇಸಿ 60601-1-8 ಹಿಂದೆ ಸೂಚಿಸಿದ್ದ ಸ್ವರಮಾಲೆಗಳನ್ನು ನೆನಪಿಡಲು ನುರಿತ ನರ್ಸ್‌ಗಳಿಗೂ ಆಗುತ್ತಿರಲಿಲ್ಲ. ಬ್ರಿಟನ್ನಿನ ಜೂಡಿ ಎಡ್ವರ್ದಿ ಮತ್ತು ಸಂಗಡಿಗರು ಬೇರೆ ಬಗೆಯ ಶಬ್ದಗಳನ್ನು ಜನರಿಗೆ ಕೇಳಿಸಿ ಪರೀಕ್ಷಿಸಿದರು: ಹೃದಯದ ತೊಂದರೆಗೆ ಎದೆಬಡಿತದ ಶಬ್ದ, ಔಷಧದ ತೊಂದರೆಗೆ ಮಾತ್ರೆ ಡಬ್ಬಿ ಅಲ್ಲಾಡಿಸಿದ ಶಬ್ದ. ಇವು ಬೇಗ ಮನಸ್ಸಿನಲ್ಲಿ ಕೂತವು. 2020ರ ತಿದ್ದುಪಡಿಯಲ್ಲಿ ಮಾನಕಕ್ಕೂ ಸೇರಿದವು.

ಮನೆಗೆ ಬಂದಿರುವ ಉಪಕರಣಗಳು ಮತ್ತು ಆ್ಯಪ್‌ಗಳ ವಿಷಯದಲ್ಲಿ ಭಾಷೆಯೇ ಮೊದಲ ಹೊಸಿಲು. ಕೋವಿಡ್ ಲಸಿಕೆಗೆ ಹೆಸರು ನೋಂದಾಯಿಸುವ ಕೋವಿನ್ ತಾಣ 2021ರ ಜನವರಿಯಲ್ಲಿ ಕೆಲಸ ಆರಂಭಿಸಿದರೂ ಅದರಲ್ಲಿ ಕನ್ನಡ ಕಾಣಿಸಿದ್ದು ಜೂನ್‌ನಲ್ಲಿ, ಇತರ ಭಾರತೀಯ ಭಾಷೆಗಳ ಜೊತೆ. ಆ ನಡುವಿನ ತಿಂಗಳುಗಳಲ್ಲಿ, ಎರಡನೇ ಅಲೆಯ ನಡುವೆ, ಇಂಗ್ಲಿಷ್ ಓದಲಾರದವರು ಪಕ್ಕದ ಮನೆಯ ಹುಡುಗರ ಮೊಬೈಲಿಗೆ ಕಾಯಬೇಕಾಯಿತು. ಮನೆಯ ಬಿ.ಪಿ. ಮೆಷಿನ್ನಿನಲ್ಲಿ ತೊಡಕು ಬೇರೆ: ತೋಳಿಗೆ ಕಟ್ಟುವ ಪಟ್ಟಿ ಒಂದೇ ಅಳತೆಯದಾಗಿರುತ್ತದೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಆದರೆ ಪರದೆಯ ಮೇಲಿನ ಅಂಕಿ ಮಾತ್ರ ಅಷ್ಟೇ ಖಚಿತವಾಗಿ ಹೊಳೆಯುತ್ತಿರುತ್ತದೆ.

ನಿಯಮಗಳ ಮಟ್ಟದಲ್ಲಿ ಇದಕ್ಕೆಲ್ಲ ಬುನಾದಿಯಾಗಿರುವುದು ಐಇಸಿ 62366. 2007ರಲ್ಲಿ ಮೊದಲು ಬಂದು, 2015ರಲ್ಲಿ ಹೊಸ ರೂಪ ಪಡೆದ ಈ ಮಾನಕ, ವಿನ್ಯಾಸದ ಮೊದಲ ದಿನದಿಂದಲೇ ಬಳಕೆಯ ತಪ್ಪುಗಳನ್ನು ಅಂದಾಜಿಸಿ, ಪರೀಕ್ಷಿಸಿ, ದಾಖಲಿಸಬೇಕು ಎನ್ನುತ್ತದೆ. ಭಾರತದಲ್ಲಿ ವೈದ್ಯಕೀಯ ಸಾಧನಗಳ ನಿಯಮಾವಳಿ 2017ರಲ್ಲಿ ಹೊರಬಂದು 2018ರ ಜನವರಿ 1ರಿಂದ ಜಾರಿಯಲ್ಲಿದೆ. ಅಪಾಯದ ಪ್ರಮಾಣಕ್ಕೆ ತಕ್ಕಂತೆ ಉಪಕರಣಗಳನ್ನು ಅದು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಕಣ್ಣಿನಲ್ಲಿ ಔಷಧದ ವ್ಯಾಖ್ಯೆಯೊಳಗೆ ಬಂದಿವೆ. ಆದರೆ ಆಸ್ಪತ್ರೆಗೆ ಯಂತ್ರ ಬರುವ ದಾರಿಯಲ್ಲಿ ಇನ್ನೊಂದು ಬಾಗಿಲಿದೆ: ಟೆಂಡರ್. ತಾಂತ್ರಿಕ ಅರ್ಹತೆ ಇದ್ದವರಲ್ಲಿ ಕಡಿಮೆ ದರ ಹೇಳಿದವರಿಗೆ, ಕಚೇರಿಯ ಮಾತಿನಲ್ಲಿ ಎಲ್-1ಗೆ, ಆದೇಶ ಹೋಗುತ್ತದೆ. ಹೀಗೆ ವರ್ಷ ವರ್ಷ ಕೊಂಡಾಗ ಒಂದೇ ವಾರ್ಡಿನಲ್ಲಿ ಮೂರು ಕಂಪನಿಗಳ ಪಂಪುಗಳು ಸೇರಿಕೊಳ್ಳುತ್ತವೆ, ಒಂದರಲ್ಲಿ ಸದ್ದು ನಿಲ್ಲಿಸುವ ಗುಂಡಿ ಇರುವ ಜಾಗದಲ್ಲಿ ಇನ್ನೊಂದರಲ್ಲಿ ಬೇರೆಯೇ ಗುಂಡಿ ಇರಬಹುದು. ಈ ಬಾಗಿಲಲ್ಲಿಯೇ ಪರೀಕ್ಷೆ ನಡೆಸುವುದು ಸಾಧ್ಯವಿದೆ ಮತ್ತು ಅದು ದುಬಾರಿಯೂ ಅಲ್ಲ. ಸ್ಪರ್ಧೆಯಲ್ಲಿರುವ ಎರಡು ಮೂರು ಮಾದರಿಗಳನ್ನು ತರಿಸಿ, ಆಯಾ ವಾರ್ಡಿನ ಐದಾರು ನರ್ಸ್‌ಗಳಿಗೆ ಕಂಪನಿಯವರು ಪಕ್ಕದಲ್ಲಿಲ್ಲದೆ ಕೊಟ್ಟು, ಅವರು ದಿನವೂ ಮಾಡುವ ನಾಲ್ಕೈದು ಕೆಲಸ ಮಾಡಿಸಿ, ತಪ್ಪುಗಳನ್ನೂ ತೆಗೆದುಕೊಂಡ ಸಮಯವನ್ನೂ ಬಯೋಮೆಡಿಕಲ್ ಎಂಜಿನಿಯರ್ ಬರೆದುಕೊಂಡರೆ ಒಂದು ಮಧ್ಯಾಹ್ನದ ಕೆಲಸ. ಖರೀದಿ ಸಮಿತಿಯ ಮುಂದೆ ದರಪಟ್ಟಿಯ ಜೊತೆ ಆ ಹಾಳೆಯೂ ಇರಬೇಕು.

ಉಪಕರಣ ಬಳಕೆಗೆ ಬಂದ ಮೇಲೂ ಪರೀಕ್ಷೆ ನಿಲ್ಲುವುದಿಲ್ಲ. ಸಾಧನಗಳಿಂದ ಆದ ತೊಂದರೆಗಳನ್ನು ದಾಖಲಿಸಲು 2015ರ ಜುಲೈ 6ರಂದು ಆರಂಭವಾದ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವನ್ನು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುತ್ತದೆ. ಅಲ್ಲಿಗೆ ಹೋಗುವ ವರದಿಯಲ್ಲಿ ನರ್ಸ್ ತಪ್ಪಾಗಿ ಒತ್ತಿದರು ಎಂಬ ಒಂದೇ ಸಾಲಿದ್ದರೆ ಅದರಿಂದ ಯಾರೂ ಏನನ್ನೂ ತಿದ್ದಲಾರರು. ಉಪಕರಣದ ಮಾದರಿ ಮತ್ತು ಬ್ಯಾಚ್ ಸಂಖ್ಯೆ, ಆ ಹೊತ್ತಿಗೆ ಪರದೆಯ ಮೇಲಿದ್ದ ಅಂಕಿ, ಯಾವ ಗುಂಡಿಯ ನಂತರ ಯಾವ ಗುಂಡಿ, ಔಷಧದ ಚೀಟಿಯಲ್ಲಿ ಏನು ಬರೆದಿತ್ತು, ಆಗ ಎಷ್ಟು ಹಾಸಿಗೆಗಳಿಗೆ ಎಷ್ಟು ಜನ ಡ್ಯೂಟಿಯಲ್ಲಿದ್ದರು ಎಂಬುದನ್ನೆಲ್ಲ ಬರೆದರೆ, ಬೇರೊಂದು ಊರಿನ ಪ್ರಯೋಗಾಲಯದಲ್ಲಿ ಬೇರೆ ಐವರ ಕೈಗೆ ಅದೇ ಯಂತ್ರವನ್ನು ಕೊಟ್ಟು ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿಸಿ ನೋಡಬಹುದು.